ಮೂಳೆ ಕೂಡಿತು, ನೋವು ಬಿಡಲಿಲ್ಲ: ಆಕ್ಸಿಡೆಂಟ್ ಕೇಸಿನಲ್ಲಿ ನೋವಿಗೆ ಎಷ್ಟು ಬೆಲೆ?

ತಿಪಟೂರು: ಬಿ.ಎಚ್. ರಸ್ತೆಯಲ್ಲಿ ಬೈಕಿಗೆ ಲಾರಿ ತಾಗಿತು ಅಂದ ಕೂಡಲೇ ಊರಿನವರು ಕೇಳೋ ಮೊದಲ ಪ್ರಶ್ನೆ, ‘ಜೀವಕ್ಕೇನೂ ಆಗಿಲ್ಲ ತಾನೇ?’ ಕಾಲು ಮುರಿದಿದೆ ಅಷ್ಟೇ ಅಂದ್ರೆ ಎಲ್ಲರಿಗೂ ಸಮಾಧಾನ. ರಾಡ್ ಹಾಕ್ತಾರೆ, ಮೂರ್ನಾಲ್ಕು ತಿಂಗಳಲ್ಲಿ ಮೂಳೆ ಕೂಡುತ್ತೆ, ಮನುಷ್ಯ ಕೋಲು ಬಿಟ್ಟು ನಡೀತಾನೆ. ಊರಿನ ಲೆಕ್ಕದಲ್ಲಿ ಅಲ್ಲಿಗೆ ಅವನು ಹುಷಾರು. ಇನ್ಶೂರೆನ್ಸ್ ಕಂಪನಿಯ ಲೆಕ್ಕದಲ್ಲೂ ಹುಷಾರು. ವರ್ಷ ಕಳೆದರೂ ಕೊಬ್ಬರಿ ಚೀಲ ಎತ್ತಲಾಗದೆ, ರಾತ್ರಿ ಮಗ್ಗುಲು ಬದಲಿಸಲಾಗದೆ ಮಾತ್ರೆ ನುಂಗುತ್ತಾ ಕೂತವನ ಲೆಕ್ಕ ಮಾತ್ರ ಬೇರೆ.

ಈ ಬೇರೆ ಲೆಕ್ಕ ಕೋರ್ಟಿನಲ್ಲಿ ನಿಲ್ಲುತ್ತಾ? ನಿಲ್ಲುತ್ತೆ. ಆದರೆ ಬಹಳ ಜನ ಅದನ್ನು ತಪ್ಪು ಜಾಗದಲ್ಲಿ ಹುಡುಕ್ತಾರೆ. ಪರಿಹಾರದ ಆದೇಶದಲ್ಲಿ ‘ನೋವು ಮತ್ತು ಯಾತನೆ’ ಅಂತ ಒಂದು ಸಾಲು ಇರುತ್ತೆ, ನೋವಿನ ದುಡ್ಡೆಲ್ಲ ಅಲ್ಲೇ ಬರುತ್ತೆ ಅನ್ನೋದು ಸಾಮಾನ್ಯ ನಂಬಿಕೆ. ಆ ಸಾಲಿನಲ್ಲಿ ಬರೋದು ಸಾಮಾನ್ಯವಾಗಿ ಸಣ್ಣ ಮೊತ್ತ. ದೊಡ್ಡ ಮೊತ್ತ ಇರೋದು ‘ಭವಿಷ್ಯದ ದುಡಿಮೆ ನಷ್ಟ’ ಅನ್ನೋ ಸಾಲಿನಲ್ಲಿ. ನೋವಿನಿಂದ ಯಾವ ಕೆಲಸ ನಿಂತುಹೋಯ್ತು ಅಂತ ತೋರಿಸಿದರೆ ಮಾತ್ರ ಅದು ಕೈಗೆ ಬರುತ್ತೆ.

ತೆಂಗಿನ ಸೀಮೆಯಲ್ಲಿ ಇದು ಇನ್ನೂ ಮುಖ್ಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿನಲ್ಲೂ ಕೂಲಿ ಅಂದರೆ ಮೈ ಬಲ. ಕಾಯಿ ಕೀಳೋನಿಗೆ ಮಂಡಿ, ಪಾದ, ಭುಜ ಎಲ್ಲವೂ ಬೇಕು. ಕಾಯಿ ಸುಲಿಯೋನು ದಿನಕ್ಕೆ ನೂರಾರು ಸಲ ಸೊಂಟ ಬಗ್ಗಿಸಿ ತೋಳು ಒತ್ತಬೇಕು. ಅಟ್ಟಕ್ಕೆ ಕಾಯಿ ಏರಿಸೋದು, ಹತ್ತು ಹನ್ನೊಂದು ತಿಂಗಳು ಬಿಟ್ಟು ಇಳಿಸೋದು, ಒಡೆದು ಕೊಬ್ಬರಿ ತೆಗೆದು ಚೀಲ ತುಂಬಿ ಎಪಿಎಂಸಿ ಯಾರ್ಡಿಗೆ ಸಾಗಿಸೋದು, ಇದರಲ್ಲಿ ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಒಂದೂ ಇಲ್ಲ. ಮಂಡಿ ನೋವಿರುವ ಗುಮಾಸ್ತ ನಾಳೆಯಿಂದ ಆಫೀಸಿಗೆ ಹೋಗಬಹುದು. ಅದೇ ಮಂಡಿ ನೋವಿರುವ ಹಮಾಲಿಗೆ ನಾಳೆ ಕೆಲಸವೇ ಇಲ್ಲ.

ಎಕ್ಸ್‌ರೇಗೆ ಕಾಣದ ಕಾಯಿಲೆ

ಮೂರು ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಅಂತ ಕರೀತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಗಾಯದ ನಂತರ, ಆಪರೇಷನ್ ನಂತರ ಉಳಿಯುವ ನೋವು ಕೂಡ ಅದರಲ್ಲಿ ಸೇರಿದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನವನ್ನೇ ತಿದ್ದಿ ಬರೆಯಿತು. ಅಂಗಾಂಶಕ್ಕೆ ಹಾನಿ ಕಣ್ಣಿಗೆ ಕಾಣದಿದ್ದರೂ ನೋವು ನಿಜ ಇರಬಹುದು, ನೋವಿದೆ ಅಂತ ಹೇಳುವವನ ಮಾತಿಗೆ ಗೌರವ ಕೊಡಬೇಕು ಅನ್ನೋದು ಅದರ ಸಾರ.

ಕೆಲವರಿಗೆ ಮೂಳೆ ಮುರಿತದ ನಂತರ ಕೈ ಅಥವಾ ಕಾಲು ಊದಿಕೊಂಡು, ಬಣ್ಣ ಬದಲಾಗಿ, ಬಟ್ಟೆ ತಾಗಿದರೂ ಉರಿಯುವಷ್ಟು ನೋವು ಶುರುವಾಗುತ್ತೆ. ಇದಕ್ಕೆ ಸಿಆರ್‌ಪಿಎಸ್ ಅಂತ ಹೆಸರು. ಎಕ್ಸ್‌ರೇ ನೋಡಿ ‘ಎಲ್ಲಾ ಸರಿಯಾಗಿದೆ, ವ್ಯಾಯಾಮ ಮಾಡಿ’ ಅಂದರೆ ಮನೆಯವರಿಗೂ ಅನುಮಾನ ಬರುತ್ತೆ. ಕೆಲಸಗಳ್ಳ, ಕೇಸಿಗೋಸ್ಕರ ನಾಟಕ ಆಡ್ತಾನೆ ಅನ್ನೋ ಮಾತು ಮನೆ ಜಗಲಿಯಲ್ಲೇ ಶುರುವಾಗುತ್ತೆ, ಅದನ್ನೇ ಆಮೇಲೆ ಕಂಪನಿ ವಕೀಲರು ಪಾಟೀಸವಾಲಿನಲ್ಲಿ ಕೇಳ್ತಾರೆ.

ಕಾನೂನು ನೋವನ್ನು ಎಲ್ಲಿ ಎಣಿಸುತ್ತೆ

ಕಾನೂನಿಗೆ ನೋವು ಹೊಸದೇನಲ್ಲ. ಹಳೇ ಐಪಿಸಿ 320ನೇ ಕಲಂನಲ್ಲಿ, 20 ದಿನ ತೀವ್ರ ದೈಹಿಕ ನೋವಿದ್ದರೆ ಅಥವಾ ಎಂದಿನ ಕೆಲಸ ಮಾಡಲಾಗದಿದ್ದರೆ ಅದು ‘ಗಂಭೀರ ಗಾಯ’ ಅಂತ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಅದನ್ನು 15 ದಿನಕ್ಕೆ ಇಳಿಸಿದೆ. ಮೂಳೆ ಮುರಿಯದಿದ್ದರೂ ಗಾಯ ಗಂಭೀರ ಆಗಬಹುದು ಅನ್ನೋದು ನಮ್ಮ ಠಾಣೆಗಳಲ್ಲಿ ಎಷ್ಟು ಜನಕ್ಕೆ ನೆನಪಿರುತ್ತೋ ಗೊತ್ತಿಲ್ಲ. ಗಾಯದ ಪ್ರಮಾಣ ಪತ್ರದಲ್ಲಿ ‘ಸಾಮಾನ್ಯ ಗಾಯ’ ಅಂತ ಬರೆದುಬಿಟ್ಟರೆ ಮುಂದಿನ ಇಡೀ ಕೇಸು ಅದರ ಮೇಲೇ ಕುಂಟುತ್ತೆ.

ರಸ್ತೆ ಅಪಘಾತದ ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಂ ಪ್ರಕಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಎಂಎಸಿಟಿ ಅಂತ ಎಲ್ಲರೂ ಕರೆಯೋದು ಇದನ್ನೇ. ಅಪಘಾತ ಬೆಂಗಳೂರಿನಲ್ಲೋ ಅರಸೀಕೆರೆಯಲ್ಲೋ ಆಗಿರಲಿ, ಗಾಯಾಳು ವಾಸ ಇರುವ ಅಥವಾ ವ್ಯಾಪಾರ ಮಾಡುವ ಜಾಗದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ನೋವಿನ ಕಾಲು ಎಳಕೊಂಡು ಊರೂರು ಅಲೆಯಬೇಕಿಲ್ಲ.

ಮಂಡಳಿ ಲೆಕ್ಕ ಹಾಕುವ ರೀತಿಗೆ ಬುನಾದಿ ಸುಪ್ರೀಂ ಕೋರ್ಟಿನ 2010ರ ಅಕ್ಟೋಬರ್ ತೀರ್ಪು, ವಕೀಲರ ಬಾಯಲ್ಲಿ ‘ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್’. ಡಾಕ್ಟರ್ ಕೊಡುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಅದರಿಂದ ಆಗುವ ದುಡಿಮೆ ನಷ್ಟದ ಶೇಕಡಾವಾರು ಬೇರೆ, ಎರಡನ್ನೂ ಒಂದೇ ಅಂತ ಯಾಂತ್ರಿಕವಾಗಿ ತೆಗೆದುಕೊಳ್ಳಬಾರದು ಅಂತ ಅದು ಹೇಳಿತು. ಕೊಟ್ಟ ಉದಾಹರಣೆ ಸರಳ: ಎಡಗೈ ಕಳೆದುಕೊಂಡವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಮೆ ನಷ್ಟ ಹೆಚ್ಚುಕಡಿಮೆ ಪೂರ್ತಿ. ಅದೇ ಮನುಷ್ಯ ಸರ್ಕಾರಿ ಗುಮಾಸ್ತ ಆಗಿ ನೌಕರಿ ಉಳಿದಿದ್ದರೆ ಅಷ್ಟಿಲ್ಲ.

ಇದು ನಮ್ಮ ಕಡೆ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ಒಂದು ಲೆಕ್ಕ ಹಾಕಿ ನೋಡಬಹುದು. 38 ವರ್ಷದ ಒಬ್ಬ ಹಮಾಲಿ, ತಿಂಗಳ ಆದಾಯ 15,000 ರೂಪಾಯಿ ಅಂತ ಇಟ್ಟುಕೊಳ್ಳೋಣ. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಆದಾಯ ಏರಿಕೆ ಅಂತ ಶೇ 40 ಸೇರಿಸಬೇಕು, ಇದು 2017ರ ಪ್ರಣಯ್ ಸೇಠಿ ತೀರ್ಪು. ಆಗ 21,000. ವರ್ಷಕ್ಕೆ 2,52,000. 36ರಿಂದ 40 ವಯಸ್ಸಿಗೆ ಗುಣಕ 15, ಇದು 2009ರ ಸರಳಾ ವರ್ಮಾ ತೀರ್ಪು. ಗುಣಿಸಿದರೆ 37,80,000. ದುಡಿಮೆ ನಷ್ಟ ಶೇ 10 ಅಂದರೆ 3,78,000 ರೂಪಾಯಿ. ಶೇ 30 ಅಂದರೆ 11,34,000. ಮನುಷ್ಯ ಅವನೇ, ಕಾಲು ಅದೇ, ನೋವು ಅದೇ. ನಡುವಿನ ಏಳೂವರೆ ಲಕ್ಷ ನಿಂತಿರೋದು ‘ಇವನು ಈಗ ಏನು ಕೆಲಸ ಮಾಡಲಾರ’ ಅನ್ನೋ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ.

ಈ ಶೇ 10 ಮತ್ತು 30 ಸುಮ್ಮನೆ ಆರಿಸಿದ ಅಂಕಿ ಅಲ್ಲ. ಡಾಕ್ಟರ್ ‘ಬಲಗಾಲಿಗೆ ಶೇ 30 ವೈಕಲ್ಯ’ ಅಂತ ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಅಂತ ಹಿಡಿದು ಶೇ 10 ಮಾಡುವ ರೂಢಿ ಕರ್ನಾಟಕದ ನ್ಯಾಯಮಂಡಳಿಗಳಲ್ಲಿ ಇದೆ. ಗುಮಾಸ್ತನಿಗೆ ಈ ಲೆಕ್ಕ ಅನ್ಯಾಯ ಅಲ್ಲದಿರಬಹುದು. ಮರ ಹತ್ತೋನಿಗೆ ಕಾಲಿನ ಮೂರನೇ ಒಂದು ಭಾಗ ಅಂದರೆ ಏನರ್ಥ? ಅಲ್ಲಿ ವಕೀಲರು ಎದ್ದು ನಿಂತು 2010ರ ತೀರ್ಪು ತೋರಿಸಬೇಕು, ಅದಕ್ಕೆ ತಕ್ಕ ಸಾಕ್ಷಿ ಮೊದಲೇ ಫೈಲಿನಲ್ಲಿ ಇರಬೇಕು.

‘ನೋವು ಮತ್ತು ಯಾತನೆ’ಯ ಸಾಲಿನಲ್ಲಿ ದೊಡ್ಡ ಮೊತ್ತ ಬಂದೇ ಇಲ್ಲ ಅಂತೇನಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಈ ಒಂದು ಬಾಬ್ತಿಗೇ 15 ಲಕ್ಷ ರೂಪಾಯಿ ಕೊಟ್ಟಿತು. ಖಾಸಗಿ ಕಂಪನಿಯ ನೌಕರ, 2008ರ ಅಪಘಾತ, ಶೇ 90 ವೈಕಲ್ಯ. ನೋವು ಅಂದರೇನು, ಅದನ್ನು ಹಣದಲ್ಲಿ ಅಳೆಯೋದು ಹೇಗೆ ಅಂತ ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ಸಂಜಯ್ ಕರೋಲ್ ಪೀಠ ಆ ತೀರ್ಪಿನಲ್ಲಿ ವಿವರವಾಗಿ ಚರ್ಚಿಸಿದೆ. ಆದರೆ ಅದು ಜೀವನಪೂರ್ತಿ ಬೇರೆಯವರನ್ನು ಆಶ್ರಯಿಸಬೇಕಾದ ವ್ಯಕ್ತಿಯ ಕೇಸು. ನಡೆದಾಡುವ ಗಾಯಾಳುವಿಗೆ ಅದೇ ಮೊತ್ತ ಸಿಗುತ್ತೆ ಅಂತ ಯಾರಾದರೂ ಆಸೆ ತೋರಿಸಿದರೆ ಎರಡು ಸಲ ಯೋಚಿಸೋದು ಒಳ್ಳೇದು.

ಕೇಸು ಸೋಲೋದು ಮೊದಲ ವಾರದಲ್ಲೇ

ನೋವಿನ ಕೇಸು ಸೋಲೋದು ಕೋರ್ಟಿನಲ್ಲಿ ಅನ್ನೋದಕ್ಕಿಂತ ಅಪಘಾತದ ಜಾಗದಲ್ಲಿ. ಗುರುತಿನವರ ಗಾಡಿ, ನಮ್ಮ ಜನ, ಪೊಲೀಸು ಯಾಕೆ ಅಂತ ಐದೋ ಹತ್ತೋ ಸಾವಿರಕ್ಕೆ ರಾಜಿ ಆಗುತ್ತೆ. ಆಸ್ಪತ್ರೆಯಲ್ಲಿ ‘ಹೇಗಾಯ್ತು?’ ಅಂದರೆ ‘ಬೈಕಿಂದ ಬಿದ್ದೆ’ ಅಂತಾರೆ. ಆ ನಾಲ್ಕಕ್ಷರ ಕೇಸ್ ಶೀಟಿನಲ್ಲಿ ಕೂತುಬಿಡುತ್ತೆ. ನಾಲ್ಕು ತಿಂಗಳಾದ ಮೇಲೆ ನೋವು ಬಿಡ್ತಿಲ್ಲ ಅಂತ ದೂರು ಕೊಟ್ಟಾಗ ಕಂಪನಿ ಮೊದಲು ತೆಗೆದು ತೋರಿಸೋದೇ ಆ ಶೀಟು: ‘ಸ್ವಂತ ಬಿದ್ದವನು ಈಗ ಗಾಡಿ ಹೆಸರು ಸೇರಿಸ್ತಿದ್ದಾನೆ.’

ಎರಡನೇದು ಚಿಕಿತ್ಸೆಯ ದಾಖಲೆ. ರಾಡ್ ಹಾಕಿಸಿಕೊಂಡು ಬಂದ ಮೇಲೆ ಬಹಳ ಜನ ಆಸ್ಪತ್ರೆ ಕಡೆ ತಲೆ ಹಾಕಲ್ಲ. ಪುತ್ತೂರು ಕಟ್ಟು ಹಾಕಿಸ್ತಾರೆ, ಎಣ್ಣೆ ತಿಕ್ಕಿಸ್ತಾರೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನೋವಿನ ಮಾತ್ರೆ ತಗೊಳ್ತಾರೆ. ಕಟ್ಟು ಹಾಕಿದವರು ಕಾಗದ ಕೊಡಲ್ಲ, ಅಂಗಡಿಯವರು ಬಿಲ್ ಕೊಡಲ್ಲ, ಇವರು ಕೇಳಲ್ಲ. ಎರಡು ವರ್ಷ ದಿನಾ ನೋವು ತಿಂದಿದ್ದರೂ ಕೋರ್ಟಿನ ಕಣ್ಣಿಗೆ ಅದು ಎರಡು ವರ್ಷ ಏನೂ ಇಲ್ಲದ ಕಾಲ. ಮೆಡಿಕಲ್ ಶಾಪಿನವರು ಇದನ್ನು ಓದ್ತಿದ್ದರೆ ಒಂದು ಮಾತು: ಎಂಬತ್ತು ರೂಪಾಯಿ ಮಾತ್ರೆಗೆ ಕೊಡುವ ಬಿಲ್ಲು ಗಿರಾಕಿಗೆ ಮುಂದೆ ಆ ಮಾತ್ರೆಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಹಾಗಾದರೆ ಏನಿದ್ದರೆ ನಿಲ್ಲುತ್ತೆ? ತಿಂಗಳಿಗೊಮ್ಮೆಯಾದರೂ ಓಪಿಡಿ ಚೀಟಿ, ಅದರಲ್ಲಿ ‘ನೋವು ಇದೆ’ ಅಂತಷ್ಟೇ ಅಲ್ಲದೆ ಎಲ್ಲಿ, ಯಾವಾಗ, ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚಾಗುತ್ತೆ ಅನ್ನೋದು. ಫಿಸಿಯೋಥೆರಪಿಗೆ ಹೋದ ದಿನಗಳ ಕಾರ್ಡು. ಕೀಲು ಎಷ್ಟು ಡಿಗ್ರಿ ಮಡಚುತ್ತೆ ಅನ್ನೋ ಅಳತೆ. ನರಕ್ಕೆ ಪೆಟ್ಟು ಬಿದ್ದ ಅನುಮಾನ ಇದ್ದರೆ ನರದ ಪರೀಕ್ಷೆ. ಇದಕ್ಕೆಲ್ಲ ತುಮಕೂರಿಗೋ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ, ನಿಮ್ಹಾನ್ಸ್‌ಗೋ ಹೋಗಬೇಕಾಗಬಹುದು, ದಿನದ ಕೂಲಿ ಹೋಗುತ್ತೆ, ಜೊತೆಗೊಬ್ಬರು ಬೇಕು. ಆ ಬಸ್ ಚಾರ್ಜು, ಜೊತೆಗಿದ್ದವರ ಖರ್ಚನ್ನೂ ಕ್ಲೇಮ್‌ನಲ್ಲಿ ಕೇಳಬಹುದು.

ಸಾಕ್ಷಿ ಹೇಳುವ ಡಾಕ್ಟರ್ ಯಾರು ಅನ್ನೋದೂ ದೊಡ್ಡ ವಿಷಯ. ಚಿಕಿತ್ಸೆ ಕೊಟ್ಟವರು ಬರಲ್ಲ ಅಂತ, ಸರ್ಟಿಫಿಕೇಟ್ ಬರೆದುಕೊಡುವ ಬೇರೆ ಡಾಕ್ಟರನ್ನು ಕರೆಸೋದು ಉಂಟು. ಬೇಕಾದ ಹಾಗೆ ಸಿದ್ಧವಾಗಿ ಸಿಗುವ ಇಂಥ ಸರ್ಟಿಫಿಕೇಟಿನ ಬಗ್ಗೆ ಎಚ್ಚರ ಇರಲಿ ಅಂತ ನ್ಯಾಯಮಂಡಳಿಗಳಿಗೆ ಸುಪ್ರೀಂ ಕೋರ್ಟ್ ಅದೇ 2010ರ ತೀರ್ಪಿನಲ್ಲಿ ಹೇಳಿದೆ. ‘ನೀವು ಇವರಿಗೆ ಎಂದಾದರೂ ಚಿಕಿತ್ಸೆ ಕೊಟ್ಟಿದ್ದೀರಾ?’ ಅನ್ನೋ ಒಂದೇ ಪ್ರಶ್ನೆಗೆ ಶೇ 40 ಇದ್ದದ್ದು ಶೇ 12ಕ್ಕೆ ಇಳಿಯಬಹುದು.

ಸರ್ಕಾರದ ಅಳತೆ ಪುಸ್ತಕದಲ್ಲಿ ನೋವಿಗೆ ಜಾಗವೇ ಇಲ್ಲ ಅಂತ ಹೇಳುವವರಿದ್ದಾರೆ, ಅದು ಪೂರ್ತಿ ಸರಿಯಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 21 ವಿಭಾಗಗಳಲ್ಲಿ ದೀರ್ಘಕಾಲದ ನೋವು ಅಂತ ಒಂದು ವಿಭಾಗ ಇಲ್ಲ, ನಿಜ. ಆದರೆ ಕಾಲಿನ ವೈಕಲ್ಯ ಅಳೆಯುವ ಮಾರ್ಗಸೂಚಿಯಲ್ಲಿ ನೋವಿಗೆ ಹೆಚ್ಚುವರಿ ಅಂಕ ಇದೆ: ಕಡಿಮೆ ಇದ್ದರೆ 3, ಮಧ್ಯಮಕ್ಕೆ 6, ಕೆಲಸಕ್ಕೆ ತೀವ್ರ ಅಡ್ಡಿ ಮಾಡುವಂತಿದ್ದರೆ 9. ಬೋರ್ಡಿನ ಮುಂದೆ ‘ನಡೆದು ತೋರಿಸಿ’ ಅಂದಾಗ ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದು ತೋರಿಸುವ ನಮ್ಮವರು ಈ ಅಂಕವನ್ನು ಅಲ್ಲೇ ಬಿಟ್ಟು ಬರ್ತಾರೆ.

ಆರು ತಿಂಗಳ ಗಡುವು

2019ರ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್ 1ರಿಂದ, ಅಪಘಾತ ಆದ ಆರು ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು ಅನ್ನೋ ನಿಯಮ ಬಂದಿದೆ. ನೋವಿನ ಕೇಸಿಗೆ ಇದು ನೇರ ಏಟು. ಮೂಳೆ ಕೂಡಲಿಕ್ಕೇ ನಾಲ್ಕು ತಿಂಗಳು ಬೇಕು, ನೋವು ಉಳಿಯುತ್ತೆ ಅಂತ ಗೊತ್ತಾಗೋಷ್ಟರಲ್ಲಿ ಗಡುವು ಮುಗಿದಿರುತ್ತೆ. ಈ ನಿಯಮವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿ, ಕಾಲ ಮೀರಿದೆ ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ಅರ್ಜಿಗಳನ್ನು ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಅದು ಮಧ್ಯಂತರ, ಅಂತಿಮ ಅಲ್ಲ. ಅದನ್ನು ನಂಬಿಕೊಂಡು ಕೂರೋದು ಜಾಣತನ ಅಲ್ಲ. ಅರ್ಜಿ ಬೇಗ ಹಾಕಬಹುದು, ವೈಕಲ್ಯದ ಅಳತೆ ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಸಾಕ್ಷ್ಯದ ಹೊತ್ತಿಗೆ ಮಾಡಿಸಬಹುದು. ಎರಡೂ ಒಂದೇ ದಿನ ಆಗಬೇಕಿಲ್ಲ.

ಪೊಲೀಸರಿಗೂ ಇದರಲ್ಲಿ ಜವಾಬ್ದಾರಿ ಇದೆ. 2022ರ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿಗೆ ಹೋಗಬೇಕು. ಆ ವರದಿಯನ್ನೇ ಕ್ಲೇಮ್ ಅರ್ಜಿ ಅಂತ ಮಂಡಳಿ ಪರಿಗಣಿಸಬಹುದು. ಠಾಣೆಯಲ್ಲಿ ಇದನ್ನು ಕೇಳೋದು ಗಾಯಾಳುವಿನ ಹಕ್ಕು.

ಇನ್ನು ಲೋಕ್ ಅದಾಲತ್. ಬೇಗ ಮುಗಿಯುತ್ತೆ, ದುಡ್ಡು ಬೇಗ ಬರುತ್ತೆ, ಸಾಲಗಾರರ ಕಾಟ ತಪ್ಪುತ್ತೆ, ಎಲ್ಲವೂ ನಿಜ. ಆದರೆ ಅಲ್ಲಿ ಆದ ಆದೇಶಕ್ಕೆ ಮೇಲ್ಮನವಿ ಇಲ್ಲ. ಮುಂದಿನ ವರ್ಷ ಇನ್ನೊಂದು ಆಪರೇಷನ್ ಬೇಕಾಯ್ತು, ನೋವು ಸೊಂಟಕ್ಕೇರಿತು ಅಂದರೆ ಮತ್ತೆ ಬಾಗಿಲು ತಟ್ಟೋಕೆ ಆಗಲ್ಲ. ಭವಿಷ್ಯದ ಚಿಕಿತ್ಸೆ ಖರ್ಚನ್ನು ಸಹಿ ಹಾಕುವ ಮೊದಲೇ ಕೇಳಿ ಸೇರಿಸಿಕೊಳ್ಳಬೇಕು. ಸಾಮಾನ್ಯ ಗಾಯದ ಕೇಸಿಗೆ ಅದಾಲತ್ ಒಳ್ಳೇದು, ನೋವಿನ ಕೊನೆ ಕಾಣದ ಕೇಸಿಗೆ ಅವಸರ ನಷ್ಟ. ತಪ್ಪು ಯಾರದು ಅಂತ ಸಾಬೀತು ಮಾಡದೆ ಗಂಭೀರ ಗಾಯಕ್ಕೆ 2.5 ಲಕ್ಷ ಪಡೆಯುವ 164ನೇ ಕಲಂನ ದಾರಿಯೂ ಹೀಗೇ, ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತೆ.

ಅಂಗಡಿಯವರ ಆದಾಯ, ಲಗೇಜ್ ಆಟೋ ಮೇಲಿನ ಕೂಲಿ

ಸಣ್ಣ ವ್ಯಾಪಾರಿಗಳ ತೊಂದರೆ ಇನ್ನೊಂದು. ಆದಾಯಕ್ಕೆ ಕಾಗದ ಎಲ್ಲಿದೆ? ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿ ಕಾಲು ಕಳೆದುಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ, ತರಕಾರಿ ಮಾರುವವನಿಂದ ಆದಾಯದ ದಾಖಲೆ ನಿರೀಕ್ಷಿಸಬೇಕಿಲ್ಲ ಅಂತ ಹೇಳಿ ತಿಂಗಳಿಗೆ 6,500 ರೂಪಾಯಿ ಹಿಡಿಯಿತು. ಹೈಕೋರ್ಟ್ ಶೇ 65 ಅಂದಿದ್ದ ದುಡಿಮೆ ನಷ್ಟವನ್ನು ಶೇ 85ಕ್ಕೆ ಏರಿಸಿತು, ವ್ಯಾಪಾರಕ್ಕೆ ಓಡಾಟ ಬೇಕು ಅನ್ನೋ ಕಾರಣಕ್ಕೆ. ಆದರೂ ಲೈಸೆನ್ಸು, ಖರೀದಿ ಬಿಲ್ಲು, ಯುಪಿಐ ಜಮಾ ಇರೋ ಪಾಸ್‌ಬುಕ್ಕು ಇದ್ದರೆ ಲೆಕ್ಕ ಅಂದಾಜಿನ ಮೇಲೆ ನಿಲ್ಲಲ್ಲ. ನೋವಿನಿಂದ ಅಂಗಡಿಗೆ ಆಳು ಇಟ್ಟುಕೊಂಡಿದ್ದರೆ ಆ ಸಂಬಳದ ಲೆಕ್ಕವೂ ಸಾಕ್ಷಿ.

ಈ ದಾರಿ ಎಲ್ಲರಿಗೂ ತೆರೆದಿಲ್ಲ. ಕಾಯಿ ತುಂಬಿದ ಲಗೇಜ್ ಆಟೋ ಮೇಲೆ ಕೂತು ಬರುವ ಕೂಲಿಯವರು ಬಿದ್ದರೆ, ‘ಸರಕು ಗಾಡಿಯಲ್ಲಿ ಪುಕ್ಕಟೆ ಪ್ರಯಾಣಿಕ’ ಅಂತ ಕಂಪನಿ ಕೈ ತೊಳೆದುಕೊಳ್ಳಬಹುದು. ಜೊತೆಗೆ ಹೊರಟ ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ, ಸುಮ್ಮನೆ ಹತ್ತಿಕೊಂಡವನಿಗೆ ಇಲ್ಲ. ಗಾಡಿಯ ಲೋಡರ್ ಆಗಿ ಕೆಲಸಕ್ಕಿದ್ದವನಿಗೆ ನೌಕರರ ಪರಿಹಾರದ ಮಿತಿಯಲ್ಲಿ ಸಿಗಬಹುದು. ನಾಯಿ ಅಡ್ಡ ಬಂತು, ಗುಂಡಿಗೆ ಇಳೀತು ಅಂತ ತಾನೇ ಬೈಕಿಂದ ಬಿದ್ದವನಿಗೆ ಎದುರು ಗಾಡಿಯೇ ಇಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ ಅನ್ನಬಹುದು. ಅದು ಕೊಡೋದು ಸಾವಿಗೆ, ಕಣ್ಣು, ಕೈ, ಪಾದ ಹೋದರೆ. ಪಾದ ಕೆಲಸ ಮಾಡ್ತಿದ್ದು ನೋವು ಮಾತ್ರ ಉಳಿದವನಿಗೆ ಅದರಲ್ಲಿ ಕಾಸಿಲ್ಲ.

ಮರದಿಂದ ಬಿದ್ದವರದ್ದು ರಸ್ತೆ ಅಪಘಾತ ಅಲ್ಲವೇ ಅಲ್ಲ, ಎಂಎಸಿಟಿ ಅವರಿಗೆ ಸಂಬಂಧಿಸಿದ್ದಲ್ಲ. ಅವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, 7 ಲಕ್ಷ ರೂಪಾಯಿವರೆಗೆ. ಪ್ರೀಮಿಯಂನ ಹೆಚ್ಚಿನ ಪಾಲು ಮಂಡಳಿಯೇ ಕಟ್ಟುತ್ತೆ, ಆಸ್ಪತ್ರೆ ಖರ್ಚೂ ಸೇರಿದೆ. ಸೀಸನ್ನಿನಲ್ಲಿ ಕಾಯಿ ಕೀಳೋರನ್ನು ಕರೆಸುವ ತೋಟದವರು ಮಚ್ಚು, ಹಗ್ಗ ಇದೆಯಾ ಅಂತ ಕೇಳುವ ಜೊತೆಗೆ ಈ ಪಾಲಿಸಿ ಇದೆಯಾ ಅಂತಲೂ ಕೇಳಬಹುದು. ಇಲ್ಲ ಅಂದರೆ ತಾವೇ ಕಟ್ಟಿಕೊಟ್ಟರೂ ಒಂದು ಚೀಲ ಕೊಬ್ಬರಿಯ ಬೆಲೆಯಲ್ಲಿ ಅದು ಏನೂ ಅಲ್ಲ.

ವಕೀಲರ ಫೀಸಿನ ವಿಷಯ ಕೊನೆಗೆ ಬಂದರೂ ಜನ ಮೊದಲು ಹೆದರೋದು ಅದಕ್ಕೇ. ‘ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್’ ಅನ್ನೋ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗ್ತಾರೆ. ಸಹಾಯವಾಣಿ 15100. ಹೋಗುವಾಗ ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣ ಪತ್ರ, ಡಿಸ್‌ಚಾರ್ಜ್ ಸಮ್ಮರಿ ಮತ್ತು ಇಲ್ಲಿವರೆಗಿನ ಓಪಿಡಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತೆ.